ಸೋತ ಮೇಲೆ ಕಲ್ಯಾಣಕ್ಕೆ

ಗೆದ್ದರೆ ಬಸವಕಲ್ಯಾಣಕ್ಕೆ ಹೋಗಿ ಬರೋಣ ಅಂತ ನಾಮಪತ್ರ ಹಾಕಿದ ದಿನವೇ ಅಕ್ಕ ಹೇಳಿದ್ದಳು. ನಾವು ಗೆಲ್ಲಲಿಲ್ಲ. 2020ರ ಡಿಸೆಂಬರ್ 30ರಂದು ಗ್ರಾಮ ಪಂಚಾಯಿತಿ ಚುನಾವಣೆಯ ಎಣಿಕೆ ಮುಗಿದಾಗ ಅಕ್ಕ 9 ಓಟಿನಿಂದ ಸೋತಿದ್ದಳು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ನಮ್ಮೂರಲ್ಲಿ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಾರೆ. ಉದ್ಯೋಗ ಖಾತ್ರಿಯಲ್ಲಿ ಅವಳು ಕಾಯಕ ಬಂಧು. ಕೂಲಿಕಾರರ ಗುಂಪು ಕಟ್ಟಿ, ಕೆಲಸ ಕೇಳಿ, ಹಾಜರಿ ಬರೆಯುವವಳು. ಲಾಕ್‌ಡೌನ್ ಆದಾಗ ನಾನು ಪುಣೆಯ ಕೆಲಸ ಬಿಟ್ಟು ಊರಿಗೆ ಬಂದಿದ್ದೆ. ದೇಶದಲ್ಲೇ ಮೊದಲ ಕೊರೊನಾ ಸಾವು ಆ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಗಿತ್ತು. ಹೊರಗಿನಿಂದ ಬಂದವರನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಹದಿನಾಲ್ಕು ದಿನ ಮುಗಿದ ಮರುದಿನವೇ ಬಂದು ಕೈಗೆ ಸಲಿಕೆ ಕೊಟ್ಟಳು. ನಾಲಾ ಹೂಳೆತ್ತುವ ಕೆಲಸ, ದಿನಕ್ಕೆ 275 ರೂಪಾಯಿ. ಆ ಬೇಸಿಗೆಯಲ್ಲಿ ನಮ್ಮ ಮನೆಯ ಒಲೆ ಹೊತ್ತಿದ್ದೇ ಆ ದುಡ್ಡಿನಿಂದ. ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂತು. ಕಾಳಜಿ ಕೇಂದ್ರದಲ್ಲಿ ಅಕ್ಕ ಮೂರು ರಾತ್ರಿ ಮಲಗದೆ ರೊಟ್ಟಿ ಬಡಿದಳು. ಅಂಥವಳು ಚುನಾವಣೆಗೆ ನಿಂತರೆ ನಾನು ಸುಮ್ನೆ ಹೇಗೆ ಕೂರಲಿ? ಹದಿನೈದು ದಿನ ಮನೆ ಮನೆ ತಿರುಗಿದೆ.

ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ನಮಗೆ ಹೊಲಿಗೆ ಯಂತ್ರ ಸಿಕ್ಕಿತ್ತು. ನನ್ನ ಹತ್ತಿರ ನೂರು ಹಾಳೆಯ ಒಂದು ನೋಟ್‌ಬುಕ್ ಇತ್ತು. ಮನೆಗೊಂದು ಸಾಲು. ಓಟು ಪಕ್ಕಾ ಇದ್ದರೆ ರೈಟ್ ಗುರುತು, ಅನುಮಾನ ಇದ್ದರೆ ಪ್ರಶ್ನೆ ಗುರುತು. ಮತದಾನದ ಹಿಂದಿನ ರಾತ್ರಿ ಕೂಡಿಸಿದಾಗ 214 ಪಕ್ಕಾ ಇದ್ದವು. ಪೆಟ್ಟಿಗೆಯಿಂದ ಬಂದದ್ದು 171. ಗೆದ್ದವರಿಗೆ 180.

214ರಲ್ಲಿ 171 ಹೋದರೆ 43. ಆ ನಲವತ್ತಮೂರು ಮಂದಿ ಯಾರು? ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಒಂದೊಂದೇ ಹೆಸರಿನ ಸುತ್ತ ಸುತ್ತು ಹಾಕುತ್ತಾ ಕೂತೆ.

31ರ ಸಂಜೆ ನಾವು ನಾಲ್ಕೈದು ಜನ ಅಕ್ಕನ ಮನೆ ಮುಂದಿನ ಪರ್ಸಿ ಕಟ್ಟೆಯ ಮೇಲೆ ಮಾತಿಲ್ಲದೆ ಕೂತಿದ್ದೆವು. ಒಳಗಿಂದ ಚಹಾ ತಂದ ಅಕ್ಕ ನಿಂತಲ್ಲೇ ಹೇಳಿದಳು: "ಸೋತವರು ಕಲ್ಯಾಣಕ್ಕ ಹೋಗಬಾರ್ದು ಅಂತ ಯಾರರೆ ಹೇಳ್ಯಾರೇನು? ನಾಳಿ ಹೋಗಾಮು ನಡೀರಿ."

ಜನವರಿ 1, ಶುಕ್ರವಾರ

ಹೊರಟವರು ನಾಲ್ಕು ಜನ. ಅಕ್ಕ, ನಾನು, ಅಕ್ಕನ ಮಾವನ ಕಡೆಯ ಒಬ್ಬ ಕಾಕಾ, ಮತ್ತೆ ಪಕ್ಕದ ಓಣಿಯ ಆಯಿ. ಅಕ್ಕನ ಮಗಳು ಹತ್ತನೇ ಕ್ಲಾಸು. ಅವತ್ತೇ ಶಾಲೆ ಮತ್ತೆ ತೆರೆದಿದ್ದರಿಂದ ಅವಳು ಬರಲಿಲ್ಲ.

ಆಯಿ ಬರುತ್ತಾಳೆ ಅಂತ ಗೊತ್ತಾದಾಗ ನನ್ನ ಮುಖ ಸಣ್ಣದಾಯಿತು. ಅವಳ ಮೊಮ್ಮಗ ಹದಿನೈದು ದಿನ ಎದುರಾಳಿ ಕಡೆಯವರ ಬೈಕ್ ಹಿಂದೆ ಕೂತು ತಿರುಗಿದ್ದ. ಮೊದಲು ಅವರ ಮನೆಗೆ ಹಾಕಿದ್ದ ರೈಟ್ ಗುರುತನ್ನು ಅದೇ ಕಾರಣಕ್ಕೆ ಪ್ರಶ್ನೆ ಗುರುತು ಮಾಡಿದ್ದೆ. ಸೋತ ಮೇಲೆ ಕೆಂಪು ಸುತ್ತು ಬಿದ್ದ ಮೊದಲ ಹೆಸರೇ ಆಯಿಯದು. "ಸಾಯೋದರೊಳಗ ಕಲ್ಯಾಣ ನೋಡಬೇಕಪ್ಪಾ" ಅಂತ ಅವಳು ಗಂಟು ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೇಬಿಟ್ಟಿದ್ದಳು. ನಾನು ಅವಳ ಗಂಟು ಮೇಲಿಟ್ಟೆ. ಮಾತಾಡಿಸಲಿಲ್ಲ.

ರಸ್ತೆಯ ಎರಡೂ ಕಡೆ ತೊಗರಿ. ಕೆಲವು ಕಡೆ ಕಟಾವು ನಡೆದಿತ್ತು. ನದಿಗೆ ಹತ್ತಿರದ ಹೊಲಗಳಲ್ಲಿ ಪ್ರವಾಹದ ನೀರು ನಿಂತು ಗಿಡ ನಿಂತಲ್ಲೇ ಒಣಗಿತ್ತು. ಆ ವರ್ಷ ತೊಗರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 6,000 ರೂಪಾಯಿ. ಬೆಳೆ ಇದ್ದವರಿಗೆ ಮಾತ್ರ ಆ ಲೆಕ್ಕ, ಅಲ್ವಾ? ಪ್ರಚಾರದಲ್ಲಿ ನಾವು ಮನೆ ಮನೆಯಲ್ಲೂ ಕೇಳಿದ ಮಾತು ಇದೇ. ಹೊಲದಲ್ಲಿ ಏನೂ ಉಳಿದಿಲ್ಲ, ಕೂಲಿ ಕೆಲಸ ಯಾವಾಗ ಶುರು ಆಗುತ್ತೆ ಅಂತ.

ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಗೆ ಹೋದೆವು. ಹೊಸ ವರ್ಷ ಅಂತ ಜನ ಇದ್ದರು, ಎಲ್ಲರ ಮೂಗಿಗೂ ಮಾಸ್ಕ್. ಆಯಿ ಸೆರಗನ್ನೇ ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ರಾತ್ರಿ ಉಳಿಯಲು ಅಕ್ಕನ ತಂಗಿಯ ಮನೆ ಇತ್ತು. ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಕಾಕಾ ನನ್ನನ್ನು ಸಮಾಧಾನ ಮಾಡಲು ನೋಡಿದ. ಅವನಿಗೆ ನಮ್ಮ ಭಾಗದ ಎಲ್ಲಾ ಚುನಾವಣೆಗಳೂ ಬಾಯಿಪಾಠ. "ಖರ್ಗೆ ಸಾಹೇಬರಿಗೆ ಸೋಲಿಲ್ಲದ ಸರದಾರ ಅಂತಿದ್ರು. 1972ರಿಂದ ಸೋಲೇ ನೋಡಿದ್ದಿಲ್ಲ. 2019ರಾಗ ಇದೇ ಕಲಬುರಗಿಯೊಳಗ 95,452 ಓಟಿಲಿಂದ ಸೋತ್ರು. ಧರ್ಮಸಿಂಗ್ ಸಾಹೇಬರು ಮುಖ್ಯಮಂತ್ರಿ ಆಗಿದ್ದವರು, 2008ರಾಗ ಜೇವರ್ಗಿಯೊಳಗ ಸೋತ್ರು, ಮರುವರ್ಷ ಬೀದರಿನಿಂದ ಎಂಪಿ ಆದ್ರು. ನಮ್ಮದು ಎಷ್ಟು, ಒಂಬತ್ತು."

ಕಾಕಾನ ಮನಸ್ಸು ಒಳ್ಳೆಯದೇ. ಆದರೆ ಒಂಬತ್ತು ಓಟಿನ ಸೋಲಿಗೆ ಬೇರೆ ತರಹದ ನೋವಿದೆ. ತೊಂಬತ್ತೈದು ಸಾವಿರ ಅಂದರೆ ಯಾರ ಮುಖವೂ ಕಾಣುವುದಿಲ್ಲ. ಒಂಬತ್ತು ಅಂದರೆ ಒಂದೊಂದೂ ಮುಖವೇ. ಹಾಲು ಹಾಕುವವನು, ಕಿರಾಣಿ ಅಂಗಡಿಯವನು, ಜೊತೆಗೆ ಓದಿದವನು. ಊರಲ್ಲಿ ನಡೆದುಹೋಗುವಾಗ ಎದುರು ಬಂದ ಪ್ರತಿಯೊಬ್ಬರ ಕಣ್ಣಲ್ಲೂ ನಾನು ಅದನ್ನೇ ಹುಡುಕುತ್ತಿದ್ದೆ. ಇವನಾ? ಇವಳಾ? ಯಾರಾದರೂ ನಕ್ಕರೆ ಅನುಮಾನ. ನಗದೆ ಹೋದರೆ ಇನ್ನೂ ಜಾಸ್ತಿ.

ಜನವರಿ 2, ಶನಿವಾರ

ಬೆಳಿಗ್ಗೆ ಹುಮನಾಬಾದ್ ಬಸ್. ಕಮಲಾಪುರದಲ್ಲಿ ಬಸ್ ನಿಂತಾಗ ಅಕ್ಕ ಕೆಂಪು ಬಾಳೆಹಣ್ಣು ಕೊಂಡಳು. ಹುಮನಾಬಾದ್‌ನಲ್ಲಿ ಬಸ್ ಬದಲಿಸಿ, ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಬಸವಕಲ್ಯಾಣಕ್ಕೆ. ಇದೇ ಹೆದ್ದಾರಿಯಲ್ಲಿ ನಾನು ಪುಣೆಗೆ ಹೋಗಿದ್ದು, ಇದೇ ದಾರಿಯಲ್ಲಿ ಲಾರಿ ಹತ್ತಿ ವಾಪಸ್ ಬಂದಿದ್ದು.

ಊರಲ್ಲಿ ಓಡಾಟ ಜೋರಾಗಿತ್ತು. 6ನೇ ತಾರೀಖು ಹೊಸ ಅನುಭವ ಮಂಟಪಕ್ಕೆ ಮುಖ್ಯಮಂತ್ರಿಗಳಿಂದ ಶಂಕುಸ್ಥಾಪನೆ ಇತ್ತು. ನಾವು ಈಗಿರುವ ಅನುಭವ ಮಂಟಪ ನೋಡಿದೆವು. 108 ಅಡಿ ಎತ್ತರದ ಬಸವಣ್ಣನ ಮೂರ್ತಿ ನೋಡಿದೆವು. ಆಯಿ ಕತ್ತೆತ್ತಿ ನೋಡಿ ನೋಡಿ ಕೈಮುಗಿದಳು. ನನಗೆ ಏನೂ ಅನ್ನಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಅಲ್ಲಿ ನಿಂತೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ 43.

ಮಧ್ಯಾಹ್ನ ತ್ರಿಪುರಾಂತ ಕೆರೆಯ ಕಡೆ ಹೋದೆವು. ಅಲ್ಲಿ ನುಲಿಯ ಚಂದಯ್ಯನ ಗವಿ ಇದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ದಾಸೋಹ ಮಾಡುತ್ತಿದ್ದ ಶರಣ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತಂತೆ. ಚಂದಯ್ಯ ಅದನ್ನು ಎತ್ತಿಕೊಳ್ಳಲಿಲ್ಲ, ಹುಲ್ಲು ಕೊಯ್ಯುವುದನ್ನು ನಿಲ್ಲಿಸಲೂ ಇಲ್ಲ. ಕೊನೆಗೆ ಲಿಂಗವೇ ಅವನ ಹಿಂದೆ ಬಂತು ಅಂತ ಕಥೆ. ಗವಿಯ ಮುಂದೆ ಕೂತು ಅಕ್ಕ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ಮಾತಿನ ನಡುವೆ ಕಾಕಾ ಹರಳಯ್ಯ, ಮಧುವರಸರ ವಿಷಯ ತೆಗೆದ. ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಅವರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಆದದ್ದು, ಶರಣರು ಕಲ್ಯಾಣ ಬಿಟ್ಟು ಉಳವಿಯ ಕಡೆ ಹೋದದ್ದು.

"ಅಂದಮ್ಯಾಲ ಅವರೂ ಇಲ್ಲಿಂದ ಸೋತೇ ಹೋದ್ರಲ್ಲ" ಅಂದೆ ನಾನು.

ಅಕ್ಕ ರೊಟ್ಟಿ ಮುರಿಯುತ್ತಾ ನನ್ನನ್ನೇ ನೋಡಿದಳು. "ತಮ್ಮಾ, ಆ ನೋಟ್‌ಬುಕ್ ಯಾಕ ತಂದೀದಿ?"

ಚೀಲದಲ್ಲಿ ಇರುವುದು ಅವಳಿಗೆ ಹೇಗೆ ಗೊತ್ತಾಯಿತೋ. "ಸುಮ್ನೆ" ಅಂದೆ. ಅವಳು ಮತ್ತೆ ಕೇಳಲಿಲ್ಲ.

ಸಂಜೆ ಬೀದರ್ ಬಸ್ ಹತ್ತಿದೆವು. ಗುರುದ್ವಾರ ಮುಟ್ಟುವಾಗ ಕತ್ತಲಾಗಿತ್ತು. ನಾನಕ್ ಝೀರಾದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಝರಿಯ ನೀರು ಕುಡಿದು, ಲಂಗರ್‌ನಲ್ಲಿ ಸಾಲಾಗಿ ಕೂತು ರೋಟಿ ದಾಲ್ ಉಂಡೆವು. ಬಡಿಸುವವರು ಯಾರನ್ನೂ ಯಾವ ಊರು, ಯಾರ ಪೈಕಿ ಅಂತ ಕೇಳುತ್ತಿರಲಿಲ್ಲ. ಹದಿನೈದು ದಿನ ಅದನ್ನೇ ಕೇಳಿ ಕೇಳಿ ಲೆಕ್ಕ ಬರೆದಿದ್ದ ನನಗೆ ಅಲ್ಲಿ ಕೂತಾಗ ಸ್ವಲ್ಪ ನಾಚಿಕೆಯಾಯಿತು.

ಜನವರಿ 3, ಭಾನುವಾರ

ಬೀದರ್ ಚಳಿ ನಮ್ಮೂರಿಗಿಂತ ಜಾಸ್ತಿ. ಬೆಳಿಗ್ಗೆ ಕೋಟೆ ನೋಡಿ, ಆಮೇಲೆ ಮಹಮೂದ್ ಗವಾನ್ ಮದರಸಾ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ಸುಲ್ತಾನರಿಗೆ ಪ್ರಧಾನಿಯಾದವನು 1472ರಲ್ಲಿ ಕಟ್ಟಿಸಿದ ವಿದ್ಯಾಪೀಠ. 17ನೇ ಶತಮಾನದ ಕೊನೆಯಲ್ಲಿ ಆದ ಸ್ಫೋಟದಲ್ಲಿ ಮುಂದಿನ ಅರ್ಧ ಹೋಯಿತು. ಈಗ ಒಂದೇ ಮಿನಾರ್ ನಿಂತಿದೆ. ಅದರ ಮೈಮೇಲೆ ಅಲ್ಲಲ್ಲಿ ನೀಲಿ, ಹಸಿರು ಹೆಂಚು ಇನ್ನೂ ಹಾಗೇ ಇವೆ. ಗವಾನ್‌ನ ಕಥೆ ನನಗೆ ಶಾಲೆಯಿಂದಲೂ ಗೊತ್ತು. ಆಗದವರು ಖಾಲಿ ಕಾಗದದ ಮೇಲೆ ಅವನ ಮುದ್ರೆ ಒತ್ತಿಸಿಕೊಂಡು, ಅದರಲ್ಲಿ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಅವನ ತಲೆ ಹೋಯಿತು.

ಕಾಗದ, ಮುದ್ರೆ. ಅಲ್ಲಿ ನಿಂತಾಗ ನನಗೆ ಎಣಿಕೆಯ ಕೋಣೆ ನೆನಪಾಯಿತು. ನಾನೇ ಅಕ್ಕನ ಏಜೆಂಟ್ ಆಗಿ ಟೇಬಲ್ ಮುಂದೆ ಕೂತಿದ್ದೆ. ನಮ್ಮ ಸ್ಥಾನಕ್ಕೆ ಬಿದ್ದ ಓಟುಗಳಲ್ಲಿ 17 ಕುಲಗೆಟ್ಟಿದ್ದವು. ಕೆಲವರು ಎರಡೆರಡು ಚಿಹ್ನೆಗೆ ಶಿಕ್ಕಾ, ಅಂದರೆ ಓಟಿನ ಮುದ್ರೆ, ಹೊಡೆದಿದ್ದರು. ಕೆಲವರದು ಎರಡು ಚಿಹ್ನೆಯ ನಡುವಿನ ಗೆರೆಯ ಮೇಲೆ ಬಿದ್ದಿತ್ತು. ನಾಲ್ಕರಲ್ಲಿ ಶಿಕ್ಕಾನೇ ಇಲ್ಲ, ಹೆಬ್ಬೆಟ್ಟು. ಅದರಲ್ಲೊಂದು ಈಗಲೂ ನನ್ನ ಕಣ್ಣಮುಂದಿದೆ. ಹೊಲಿಗೆ ಯಂತ್ರದ ಸರಿಯಾಗಿ ನಡುವೆ, ಒಂದೊಂದು ಗೆರೆಯೂ ಕಾಣುವ ಹಾಗೆ, ನೇರಳೆ ಶಾಯಿಯ ಹೆಬ್ಬೆಟ್ಟು. "ಇದು ನಮಗ ಹಾಕಿದ್ದೇ ಅಲ್ಲೇನ್ರಿ ಸರ್" ಅಂತ ಕೇಳಿದೆ. ಅಧಿಕಾರಿ ಸಿಟ್ಟು ಮಾಡಲಿಲ್ಲ. ಬೆರಳ ಗುರುತಿನಿಂದ ಓಟು ಹಾಕಿದವರು ಯಾರು ಅಂತ ಗೊತ್ತಾಗುತ್ತೆ, ಅದಕ್ಕೆ ಇದು ಲೆಕ್ಕಕ್ಕೆ ಬರಲ್ಲ ಅಂತ ತಿಳಿಸಿ ಹೇಳಿ ಪಕ್ಕಕ್ಕಿಟ್ಟರು.

ಮಧ್ಯಾಹ್ನ ಚೌಬಾರಾ ಹತ್ತಿರದ ಓಣಿಯಲ್ಲಿ ಬಿದರಿ ಕೆಲಸದ ಒಂದು ಮನೆಗೆ ಹೋದೆವು. ಕಾಕಾನಿಗೆ ಗುರುತಿನವರು. ಮುಂದಿನ ಕೋಣೆಯೇ ಕಾರ್ಖಾನೆ. ಒಬ್ಬ ಮುದುಕರು ನೆಲದ ಮೇಲೆ ಕೂತು ಒಂದು ಸಣ್ಣ ಡಬ್ಬಿಯನ್ನು ಮುಗಿಸುವುದರಲ್ಲಿದ್ದರು. ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಡಬ್ಬಿ. ಮೇಲೆ ಕೊರೆದ ಬಳ್ಳಿಯ ಗೆರೆಗಳಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸಿದ್ದರು. ಆದರೆ ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತೇ ಆಗುತ್ತಿರಲಿಲ್ಲ. ಎಲ್ಲಾ ಒಂದೇ ಬೂದಿ ಬಣ್ಣ. ಪಕ್ಕದಲ್ಲಿ ಕೋಟೆಯ ಹಳೆ ಮಣ್ಣಿಗೆ ನವಸಾಗರ, ನೀರು ಕಲಸಿದ ರಾಡಿ ಇತ್ತು. ಡಬ್ಬಿಯನ್ನು ಬಿಸಿ ಮಾಡಿ, ಆ ಮಣ್ಣನ್ನು ಹಚ್ಚಿ, ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ತಿಕ್ಕಿದರು. ನೀರಲ್ಲಿ ತೊಳೆದು ಮೇಲೆತ್ತಿದಾಗ ಡಬ್ಬಿ ಕಾಡಿಗೆಯ ಹಾಗೆ ಕಪ್ಪು. ಬಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಆಯಿ ಮುಂದಕ್ಕೆ ಬಾಗಿ ಅವರ ಹೆಬ್ಬೆಟ್ಟನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ತೋಳು ತಟ್ಟಿದಳು.

"ನೋಡು ತಮ್ಮಾ, ಆವತ್ತು ನಾನೂ ಹಿಂಗೇ ಗಟ್ಟಿ ಒತ್ತೀನಿ. ಹೊಲಿಗಿ ಮಷೀನ್ ಮ್ಯಾಲ. ಒಳಗ ಕಪ್ಪು ಕಪ್ಪು ಶಿಕ್ಕಾ ಒಂದು ಇತ್ತು, ಅದು ಸಾಹೇಬರದು ಅಂತ ನಾ ಮುಟ್ಟಲಿಲ್ಲ. ಬೆರಳಿಗಿ ಶಾಯಿ ಹಚ್ಚಿದ್ರಲ್ಲ, ಅದೇ ಬೆರಳು. ಮೊಮ್ಮಗ ಆ ಕಡಿ ಹಾಕು ಅಂದಿದ್ದ. ಹೋಗೋ ಅಂದ್ನಿ. ಮಳಿಗಾಲದಾಗ ನನಗ ರೊಟ್ಟಿ ಕೊಟ್ಟಾಕಿ ಅಕ್ಕ."

ನಾನು ಏನೂ ಹೇಳಲಿಲ್ಲ. ಎದ್ದು ಹೊರಗೆ ಬಂದು ಓಣಿಯ ಗೋಡೆಗೆ ಒರಗಿ ನಿಂತೆ. ಕಣ್ಣು ತುಂಬಿ ಬಂತು. ಹದಿನೈದು ದಿನದಲ್ಲಿ ಆಯಿಯ ಮನೆಗೆ ನಾಲ್ಕು ಸಲ ಹೋಗಿದ್ದೆ. ನಾಲ್ಕು ಸಲವೂ ಅವಳು ಚಹಾ ಕೊಟ್ಟಿದ್ದಳು. ಓಟು ನಮಗೇ ಹಾಕಬೇಕು ಆಯಿ ಅಂತ ನಾಲ್ಕು ಸಲವೂ ಹೇಳಿದ್ದೆ. ಓಟು ಹಾಕೋದು ಹೇಗೆ ಅಂತ ಒಂದು ಸಲವೂ ತೋರಿಸಿರಲಿಲ್ಲ. ಒಂದು ತುಂಡು ಕಾಗದ, ಒಂದು ಬಾಟಲಿ ಮುಚ್ಚಳ ಇದ್ದರೆ ಸಾಕಿತ್ತು, ಐದು ನಿಮಿಷದ ಕೆಲಸ. ಬದಲಿಗೆ ಅವಳ ಹೆಸರಿನ ಮುಂದೆ ಪ್ರಶ್ನೆ ಗುರುತು ಹಾಕಿ ಎದ್ದು ಬಂದಿದ್ದೆ.

ರಾತ್ರಿ ಗುರುದ್ವಾರದ ಕೋಣೆಯಲ್ಲಿ ನೋಟ್‌ಬುಕ್ ತೆಗೆದೆ. ಕೆಂಪು ಸುತ್ತು ಹಾಕಿದ ಹೆಸರುಗಳನ್ನು ಮತ್ತೆ ಓದಿದೆ. ಆ ಹದಿನೇಳರಲ್ಲಿ ಇವರೊಳಗಿನವರು ಎಷ್ಟು ಜನರೋ. ದುಡ್ಡು ತಗೊಂಡು ಆ ಕಡೆ ಹಾಕಿದವರೂ ಇರಬಹುದು, ಇಲ್ಲ ಅನ್ನಲ್ಲ. ಹಾಗಂತ ಅವರೂ ನಾಳೆ ಕೂಲಿ ಕೇಳಿಕೊಂಡು ಅಕ್ಕನ ಹತ್ತಿರವೇ ಬರುವವರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಅಂತ ಕಾಣುತ್ತೆ. "ಎಷ್ಟು ಹಾಳಿ ಖಾಲಿ ಅದಾವ ಅದರಾಗ?" ಅಂತ ಕೇಳಿದಳು.

"ಅರವತ್ತರ ಮ್ಯಾಲ ಅದಾವಕ್ಕ."

"ಹಂಗಾರ ಚಲೋ ಆಯ್ತು. ಮಲ್ಕೊ."

ಜನವರಿ 4, ಸೋಮವಾರ

ವಾಪಸ್ ಬರುವ ಬಸ್‌ನಲ್ಲಿ ಕಿಟಕಿ ಪಕ್ಕ ಆಯಿ, ನಡುವೆ ಅಕ್ಕ, ಈ ಕಡೆ ನಾನು. ಆಯಿಯ ಓಟಿನ ವಿಷಯ ಬೆಳಿಗ್ಗೆಯೇ ಅಕ್ಕನಿಗೆ ಹೇಳಿದ್ದೆ. ಆಯಿಗೆ ಹೇಳೋದು ಬೇಡ, ಈ ವಯಸ್ಸಿನಲ್ಲಿ ಯಾಕೆ ನೋವು ಅಂತ ನನ್ನ ಮಾತು. ಅಕ್ಕ ಒಪ್ಪಲಿಲ್ಲ. "ಆಕಿ ಓಟು, ಆಕಿಗೇ ಗೊತ್ತಿಲ್ಲಂದ್ರ ಹ್ಯಾಂಗ?"

ಹುಮನಾಬಾದ್ ದಾಟಿದ ಮೇಲೆ ಅಕ್ಕ ಆಯಿಯ ಕೈ ಹಿಡಿದುಕೊಂಡು ಎಲ್ಲಾ ಹೇಳಿದಳು. ಶಿಕ್ಕಾ ಹೊಡೆಯಬೇಕಿತ್ತು, ಹೆಬ್ಬೆಟ್ಟು ನಡೆಯಲ್ಲ, ಆ ಓಟು ಲೆಕ್ಕಕ್ಕೆ ಬರಲಿಲ್ಲ, ತಪ್ಪು ನಿನ್ನದಲ್ಲ ಆಯಿ, ನಾವು ತೋರಿಸಲಿಲ್ಲ ಅಂತ. ಆಯಿ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು. ಶಾಯಿ ಯಾವಾಗಲೋ ಹೋಗಿತ್ತು. ಆಮೇಲೆ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತುಬಿಟ್ಟಳು. ನನಗೆ ಹೊಟ್ಟೆಯಲ್ಲಿ ಸಂಕಟ.

ಕಮಲಾಪುರ ಬರುವ ತನಕ ಅವಳು ಒಂದು ಮಾತೂ ಆಡಲಿಲ್ಲ. ಬಸ್ ನಿಂತಾಗ ಈ ಕಡೆ ತಿರುಗಿದಳು.

"ಮುಂದಿನ ಓಟು ಯಾವಾಗ?"

"ಪಂಚಾಯತಿದು ಐದು ವರ್ಷಕ್ಕ, ಆಯಿ."

"ಐದು ವರ್ಷ ನಾ ಇರ್ತೀನಿ." ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ತೆಗೆದು ನನ್ನ ಕೈಗಿಟ್ಟಳು. "ಬಾಳಿಹಣ್ಣು ತಗೊಂಬಾ. ಮೊದಲೇ ತೋರಿಸ್ಬೇಕು ಮತ್ತ. ಕಡೀ ದಿನ ಬಂದು ಹೇಳಬ್ಯಾಡ್ರಿ."

ನಾನು ಬಸ್ ಇಳಿದೆ. ನಾಲ್ಕು ದಿನದಲ್ಲಿ ಮೊದಲ ಸಲ ಹಸಿವಾಗುತ್ತಿತ್ತು. ಹಣ್ಣು ಕೊಂಡು ಹತ್ತುವಾಗ ಲೆಕ್ಕ ಹಾಕುತ್ತಿದ್ದೆ. ಈ ಸಲ 43ರ ಲೆಕ್ಕ ಅಲ್ಲ. ಐದು ವರ್ಷ ಅಂದರೆ ಎಷ್ಟು ವಾರ್ಡ್ ಸಭೆ, ಎಷ್ಟು ಗ್ರಾಮ ಸಭೆ? ಅಲ್ಲಿ ಎದ್ದು ಮಾತಾಡಲು ಗೆದ್ದಿರಬೇಕು ಅಂತ ಇಲ್ಲ, ಊರಿನ ಓಟರ್ ಲಿಸ್ಟಿನಲ್ಲಿ ಹೆಸರಿದ್ದರೆ ಸಾಕು. ಅಕ್ಕನಿಗೆ ಹೇಳಿದೆ. "ನನಗ ಗೊತ್ತದ. ನಿನಗ ಗೊತ್ತಾಗಲಿ ಅಂತ ಕಾಯ್ಲಕತ್ತಿದ್ದೆ" ಅಂದಳು. ಕಲಬುರಗಿಯಲ್ಲಿ ಬಸ್ ಬದಲಿಸಿ ರಾತ್ರಿ ಊರು ಮುಟ್ಟಿದೆವು.

ಜನವರಿ 5, ಮಂಗಳವಾರ

ಎಳ್ಳಮಾಸಿಗೆ ಇನ್ನೊಂದು ವಾರ ಇತ್ತು. ಹಬ್ಬಕ್ಕೆ ಮುಂಚೆ ಅರ್ಜಿ ಹೋಗಲಿ ಅಂತ ಅಕ್ಕ ಬೆಳಿಗ್ಗೆ ಎಂಟಕ್ಕೇ ಎಲ್ಲರನ್ನೂ ಹನುಮಂತನ ಗುಡಿ ಕಟ್ಟೆಗೆ ಕರೆದಿದ್ದಳು. ಆಗ ಉದ್ಯೋಗ ಖಾತ್ರಿಯಲ್ಲಿ ಕೆಲಸ ಬೇಕಾದರೆ ನಮೂನೆ 6ರಲ್ಲಿ ಅರ್ಜಿ ಕೊಡಬೇಕಿತ್ತು, ತಾರೀಖು ಹಾಕಿದ ರಶೀದಿ ತೆಗೆದುಕೊಳ್ಳಬೇಕಿತ್ತು. ರಶೀದಿ ಇದ್ದರೆ 15 ದಿನದೊಳಗೆ ಕೆಲಸ ಕೊಡಲೇಬೇಕಿತ್ತು. ಕೊಡದಿದ್ದರೆ ನಿರುದ್ಯೋಗ ಭತ್ಯೆ. ರಶೀದಿ ಕೈಗೆ ಬರುವ ತನಕ ಪಂಚಾಯತಿ ಬಾಗಿಲು ಬಿಟ್ಟು ಏಳಬಾರದು ಅನ್ನೋದು ಅಕ್ಕ ನಮಗೆ ಕಲಿಸಿದ ಮೊದಲ ಪಾಠ.

ನಾನು ನೋಟ್‌ಬುಕ್ ತಿರುಗಿಸಿ ಹಿಂದಿನ ಖಾಲಿ ಹಾಳೆಯಿಂದ ಹೆಸರು ಬರೆಯಲು ಶುರು ಮಾಡಿದೆ. ಹೆಸರು, ಜಾಬ್ ಕಾರ್ಡ್ ನಂಬರ್. ಒಬ್ಬೊಬ್ಬರಾಗಿ ಬಂದರು. ಕೆಂಪು ಸುತ್ತಿನವರೂ ಬಂದರು. ಒಬ್ಬ ನನ್ನ ಮುಖ ನೋಡದೆ ಕಾರ್ಡ್ ಚಾಚಿದ. "ಕೂಡ್ರಿ ಅಣ್ಣಾ" ಅಂದೆ. ಕೂತ. ಆಯಿಯ ಮೊಮ್ಮಗನೂ ಬಂದು ಸಾಲಿನ ಕೊನೆಗೆ ನಿಂತ. ಹತ್ತೂವರೆಗೆ 38 ಹೆಸರಾಗಿದ್ದವು.

ಆಯಿ ಬಂದಾಗ ನಾನು ಅವಳ ಅರ್ಜಿ ತುಂಬಿ, ಶಾಯಿ ಡಬ್ಬಿ ಮುಚ್ಚಳ ತೆಗೆದು ಮುಂದಿಟ್ಟೆ. ಅವಳು ಬೆರಳು ಚಾಚಿ, ಅರ್ಧಕ್ಕೆ ನಿಲ್ಲಿಸಿದಳು. ಕಾಗದ ನೋಡಿದಳು, ನನ್ನನ್ನು ನೋಡಿದಳು.

"ಇಲ್ಲಿ ಹೆಬ್ಬೆಟ್ಟು ನಡೀತದೇನು ತಮ್ಮಾ?"

"ನಡೀತದ ಆಯಿ. ಇಲ್ಲಿ ನಡೀತದ."

ಅವಳು ಬೆರಳಿಗೆ ಶಾಯಿ ಹಚ್ಚಿಕೊಂಡು, ನಾನು ತೋರಿಸಿದ ಚೌಕದ ಸರಿಯಾಗಿ ನಡುವೆ, ಗಟ್ಟಿಯಾಗಿ ಒತ್ತಿದಳು.